ಇಪ್ಪತ್ತನಾಲ್ಕು ಗಂಟೆ ಮುಖ ಮುಟ್ಟಬಾರದು

ಎನಿಲ್ಸಾ: ಚಿಲಕದ ಮೇಲೆ ಕೈ ಇಟ್ರೆ ನೋಡು! ಈ ಬಾಗಿಲು ತೆರೆಯೋದು ಸಂಜೆ ಐದಕ್ಕೇ.

ಉಬಾಲ್ದೊ: ಕಾರ್ನಿವಲ್ ಶನಿವಾರ ಕಣೇ! ಇಡೀ ಬಾರಂಕಿಯಾ ಬೀದಿಗಿಳಿದಿದೆ. ಗಂಡ ಹೆಂಡ್ತಿ ಬಾಗಿಲು ಹಾಕ್ಕೊಂಡು ಕೂತ್ರೆ, ಈ ಮನೇಲಿ ಯಾರೋ ಸತ್ತಿದ್ದಾರೆ ಅಂತಾರೆ.

ಎನಿಲ್ಸಾ: ಅನ್ಲಿ. ಸಾವಿನ ಮನೆಗೆ ಬಂದೋರು ಮುಖಕ್ಕೆ ಹಿಟ್ಟು ಎರಚಲ್ಲ.

ಉಬಾಲ್ದೊ: ನಮ್ಮೂರಲ್ಲಿ ಈ ನಾಲ್ಕು ದಿನ ಹೆಣಕ್ಕೂ ಎರಚ್ತಾರೆ.

ಹೊರಗೆ ಡೋಲು ಬಡಿಯುತ್ತಿತ್ತು. ಕಾರ್ನಿವಲ್ ಎಂದ ಮೇಲೆ ನೆಂಟರಿರಲಿ, ಪಾದ್ರಿಯೇ ಇರಲಿ, ಎದುರು ಸಿಕ್ಕ ಮುಖಕ್ಕೆ ಮೆಕ್ಕೆಜೋಳದ ಬಿಳಿ ಹಿಟ್ಟು ಒಂದು ಹಿಡಿ ಬೀಳಲೇಬೇಕು. ಅಂಥ ಹಬ್ಬದ ಹಿಂದಿನ ಸಂಜೆ, ಐದು ಗಂಟೆಗೆ, ಈ ಮಹಾತಾಯಿ ಫೇಶಿಯಲ್ ಮಾಡಿಸಿಕೊಂಡು ಬಂದಿದ್ದಳು. ಬೀದಿ ಮೂಲೆಯ ಪಾರ್ಲರಿನ ಯಾದಿರಾ ಹಬೆ ಕೊಟ್ಟು, ಉಜ್ಜಿ, ತೊಳೆದು, ಬೆರಳೆತ್ತಿ ಹೇಳಿ ಕಳಿಸಿದ್ದಳು: ಇಪ್ಪತ್ತನಾಲ್ಕು ಗಂಟೆ ಬಿಸಿಲು ಬೇಡ, ಒಲೆ ಬೇಡ, ಬೆವರು ಬೇಡ, ಪೌಡರ್ ಬೇಡ, ಕೈ ತಾಗಿಸಲೇ ಬೇಡ. ಹೀಗಾಗಿ ಬೆಳಿಗ್ಗೆ ಏಳರಿಂದ ಹಸಿ ತೊಗರಿಕಾಳಿನ ಗಟ್ಟಿ ಸಾರು, ಸಾಂಕೋಚೊ, ಕುದಿಸುವ ಕೆಲಸ ಉಬಾಲ್ದೊನ ತಲೆಗೆ ಬಿದ್ದಿತ್ತು. ದೊಡ್ಡ ಪಾತ್ರೆಯ ಹಬೆಯ ಮೇಲೆ ಬಗ್ಗಿ ಬಗ್ಗಿ ಬಡಪಾಯಿಗೆ ಸೊಂಟವೇ ಬಿದ್ದುಹೋಗಿತ್ತು.

ಉಬಾಲ್ದೊ (ಮತ್ತೆ ಒಲೆಯ ಮುಂದೆ ಹೋಗಿ): ಒಂದು ವಾರ ಮುಂಚೇನೇ ಬಾ ಅಂತ ಯಾದಿರಾ ಬಡ್ಕೊಂಡ್ಲು. ಕೇಳಿದ್ಯಾ?

ಎನಿಲ್ಸಾ: ವಾರದೊಳಗೆ ಹೊಳಪು ಇಳಿದುಹೋದ್ರೆ? ನಂಗೆ ಬಿಸಿಬಿಸಿ ಹೊಳಪು ಬೇಕಿತ್ತು.

ಉಬಾಲ್ದೊ: ಸರಿ, ಬಿಸಿಬಿಸಿ ಇದೆ. ನೋಡೋರು ಯಾರು?

ಎನಿಲ್ಸಾ: ಯಾಕೆ, ನೀನು ನೋಡ್ಲಿಲ್ವಾ?

ಉಬಾಲ್ದೊ: ನೋಡ್ದೆ, ನೋಡ್ದೆ. ಸೊಗಸಾಗಿದೆ.

ಎನಿಲ್ಸಾ: ಪಾತ್ರೆ ನೋಡ್ಕೊಂಡು ಹೇಳ್ತಿದ್ದೀಯ!

ಉಬಾಲ್ದೊ: ತಲೆ ಎತ್ತಿದ್ರೆ ತಳ ಹಿಡಿಯುತ್ತೆ ಅಂದೋಳು ನೀನೇ. ಅಂದ ಹಾಗೆ, ಮಾತಾಡಬಾರದು ಅಂತೇನಾದ್ರೂ ಹೇಳಿದ್ಲಾ ಯಾದಿರಾ?

ಎನಿಲ್ಸಾ: ಇಲ್ಲ.

ಉಬಾಲ್ದೊ: ಅವಳು ಇನ್ನೂ ಕಲೀಬೇಕು, ಪಾಪ.

ಇಷ್ಟಕ್ಕೆಲ್ಲ ಮೂಲ ಯಾರೆಂದು ಉಬಾಲ್ದೊನಿಗೆ ಗೊತ್ತಿತ್ತು. ಅವನ ಅಕ್ಕ ನೂರಿಸ್. ಪ್ರತಿ ಕಾರ್ನಿವಲ್‌ಗೂ ಕಾರ್ತಹೇನಾದಿಂದ ಬರುವವಳು, ಚೀಲ ಕೆಳಗಿಡುವ ಮೊದಲೇ ಎನಿಲ್ಸಾಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, “ಅಯ್ಯೋ ಪಾಪ, ಎಷ್ಟು ಸೊರಗಿಹೋಗಿದ್ದೀಯೇ!” ಎನ್ನುವಳು. ಹತ್ತೊಂಬತ್ತು ವರ್ಷದಿಂದ ಒಂದಕ್ಷರ ಬದಲಾಗಿರಲಿಲ್ಲ. ಈ ಸಲ ಆ ಬಾಯಿ ಮುಚ್ಚಿಸದಿದ್ದರೆ ತನ್ನ ಹೆಸರು ಎನಿಲ್ಸಾ ಅಲ್ಲ ಎಂದು ಅವಳು ಶಪಥ ಮಾಡಿದ್ದಳು. ಉಬಾಲ್ದೊನಿಗೂ ಒಳಗೊಳಗೇ ಹಾಗೇ ಅನಿಸುತ್ತಿತ್ತು. ಆದರೆ ಅಕ್ಕನ ಎದುರು ಅದನ್ನು ಹೇಳುವ ಗಂಡಸುತನ ಅವನಿಗೆ ಇರಲಿಲ್ಲ.

ಯಾರೋ ಬಾಗಿಲು ದಬದಬ ಬಡಿದರು.

ನೂರಿಸ್: ಲೋ ಉಬಾಲ್ದೊ! ತೆಗಿಯೋ! ಬಿಸಿಲಲ್ಲಿ ನಿಲ್ಲಿಸಬೇಡ ನನ್ನ!

ಉಬಾಲ್ದೊ (ಕಿಟಕಿಯ ಸಂದಿಯಿಂದ ಇಣುಕಿ): ಛತ್ರಿ, ಟೋಪಿ, ಮುಖದ ತುಂಬ ಶಾಲು! ಅಕ್ಕಂಗೆ ವಯಸ್ಸಾಯ್ತು ಕಣೇ. ತೆಗೀತೀನಿ.

ಎನಿಲ್ಸಾ: ತಡಿ! ಎದುರುಮನೆಯೋಳು ಹಿಟ್ಟು ಹಿಡ್ಕೊಂಡು ಕಾಯ್ತಿದ್ದಾಳೆ!

ಮೊಳೆಗೆ ನೇತುಹಾಕಿದ್ದ ಉಬಾಲ್ದೊನ ಕಾರ್ನಿವಲ್ ವೇಷದ ಮಾರಿಮೊಂದ ಮುಸುಕನ್ನು ಅವಳು ಕಿತ್ತುಕೊಂಡಳು. ಸೊಂಡಿಲಿನಂಥ ಮೂಗು, ತಟ್ಟೆಯಂಥ ಕಿವಿ, ಹೊಲಿದ ಬಟ್ಟೆಯದು.

ಉಬಾಲ್ದೊ: ಅದು ನಂದು! ಒಂದು ಗಂಟೆಗೆ ಅದನ್ನ ಹಾಕ್ಕೊಂಡು ಕುಣೀಬೇಕು ನಾನು!

ಎನಿಲ್ಸಾ: ನೀನು ಬರಿ ಮುಖದಲ್ಲೇ ಕುಣಿ. ನಿನ್ನ ಮುಖಕ್ಕೆ ಇನ್ನೇನು ಆಗೋಕಿದೆ?

ಬಾಗಿಲು ತೆರೆದದ್ದೇ ತಡ, ಎದುರುಮನೆಯವಳ ಹಿಡಿ ಹಿಟ್ಟು ಉಬಾಲ್ದೊನ ಮುಖಕ್ಕೆ ನೇರ ಬಡಿಯಿತು. ನೂರಿಸ್ ಅವನ ಕಂಕುಳ ಕೆಳಗಿಂದ ನುಸುಳಿ ಒಳಬಂದಳು. ಅವನು ಹೆಗಲ ಮೇಲಿನ ಒದ್ದೆ ಟವೆಲಿನಿಂದ ಮುಖ ತಿಕ್ಕಿ ತಿಕ್ಕಿ ಒರೆಸಿಕೊಂಡ. ನೂರಿಸ್ ಟೋಪಿ, ಶಾಲು ತೆಗೆದು ವಾಡಿಕೆಯಂತೆ ಎನಿಲ್ಸಾಳ ಗದ್ದಕ್ಕೆ ಕೈ ಚಾಚಿದಳು. ಸಿಕ್ಕಿದ್ದು ಬಟ್ಟೆಯ ಸೊಂಡಿಲು.

ನೂರಿಸ್: ಇದೇನೇ ಇದು? ಮುಖ ತೋರಿಸೋಕಾಗದಷ್ಟು...

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ತಮ್ಮನ ಮೇಲೆ ಬಿದ್ದಿತ್ತು. ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

ನೂರಿಸ್: ಲೋ! ಏನೋ ಈ ಹೊಳಪು! ಹತ್ತು ವರ್ಷ ಚಿಕ್ಕೋನಾಗಿದ್ದೀಯಲ್ಲೋ! ಎಲ್ಲಿ ಮಾಡಿಸ್ಕೊಂಡೆ?

ಉಬಾಲ್ದೊ: ಇಲ್ಲೇ ಅಡುಗೆಮನೇಲಿ, ಅಕ್ಕ. ಐದು ಗಂಟೆ ತೊಗರಿಕಾಳಿನ ಹಬೆ.

ಎನಿಲ್ಸಾ (ಮುಸುಕಿನೊಳಗಿಂದ): ಅವನದಲ್ಲ! ನನ್ನ ಮುಖ ನೋಡಿ ಅತ್ತಿಗೆ, ನನ್ನ ಮುಖ!

ಮುಸುಕು ಕಿತ್ತೆಸೆದಳು. ಆ ದಪ್ಪ ಬಟ್ಟೆಯೊಳಗೆ ಬೆಂದ ಮುಖ ಟೊಮೆಟೊ ಆಗಿತ್ತು. ಬೆವರು ಹಣೆಯಿಂದ ಧಾರೆಯಾಗಿ ಇಳಿಯುತ್ತಿತ್ತು. ಕೂದಲು ಕೆನ್ನೆಗೆ ಅಂಟಿತ್ತು. ಉಬಾಲ್ದೊ ಕಣ್ಣು ಮುಚ್ಚಿಕೊಂಡ.

ನೂರಿಸ್: ಅಯ್ಯೋ ಪಾಪ, ಎಷ್ಟು ಸೊರಗಿಹೋಗಿದ್ದೀಯೇ!

ಎನಿಲ್ಸಾ ಸರಕ್ಕನೆ ತಿರುಗಿದಳು. ಕುಣಿತಕ್ಕೆಂದು ಗಂಡ ಕಿಟಕಿಯ ಬಳಿ ಇಟ್ಟುಕೊಂಡಿದ್ದ ಹಿಟ್ಟಿನ ಪೊಟ್ಟಣ ಎತ್ತಿಕೊಂಡಳು. ಹಲ್ಲಿನಿಂದ ಮೂಲೆ ಹರಿದಳು. ಇಡೀ ಪೊಟ್ಟಣವನ್ನು ಅತ್ತಿಗೆಯ ಮುಖಕ್ಕೆ ಸುರಿದಳು.

ನೂರಿಸ್: ಅಯ್ಯಯ್ಯೋ! ಹಾಳಾಯ್ತು! ನಿನ್ನೆ ಸಂಜೆ ತಾನೇ ಫೇಶಿಯಲ್ ಮಾಡಿಸ್ಕೊಂಡಿದ್ದೆ ಕಣೇ! ಇಪ್ಪತ್ತನಾಲ್ಕು ಗಂಟೆ ಏನೂ ತಾಗಬಾರದು ಅಂದಿದ್ಲು ಪಾರ್ಲರಿನೋಳು!

ಡೋಲು ಬಾಗಿಲ ಮುಂದೆಯೇ ಬಂದಿತ್ತು. ಎನಿಲ್ಸಾ ಸಮಾಧಾನವಾಗಿ ಕೈ ಕೊಡವಿಕೊಂಡು, ನೂರಿಸಳ ಬಿಳಿ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿದಳು.

ಎನಿಲ್ಸಾ: ಅಯ್ಯೋ ಪಾಪ, ಅತ್ತಿಗೆ. ಎಷ್ಟು ಸೊರಗಿಹೋಗಿದ್ದೀರಿ!