ಕಾಗೆ ಮುಟ್ಟದ ಎಡೆ

ಎಲ್ಲರಿಗೂ ಇಬ್ಬರು ಅಜ್ಜಂದಿರು ಇರುತ್ತಾರೆ. ನನ್ನ ಸೋದರಮಾವನಿಗೆ ಮಾತ್ರ ಅರ್ಧ ಡಜನ್! ಅದರಲ್ಲೂ ಮುಕ್ಕಾಲುಪಾಲು ಬಿಳಿಯರು! ನಂಬದಿದ್ದರೆ ದಾವಣಗೆರೆಯ ವಿನೋಬನಗರಕ್ಕೆ ಹೋಗಿ ಅವನ ಪಡಸಾಲೆಯ ಗೋಡೆ ನೋಡಿ ಬನ್ನಿ. ಪೇಟ ಸುತ್ತಿ ವಿಭೂತಿ ಧರಿಸಿದ ನಮ್ಮ ಮುತ್ತಜ್ಜನ ಪಕ್ಕದಲ್ಲೇ, ಹಲ್ಲುಚಕ್ರ ಜೋಡಿಸಿ ಗಣಕಯಂತ್ರ ಕಟ್ಟಲು ಹೊರಟ ಇಂಗ್ಲಿಷ್ ದೊರೆ. ಅವನ ಪಕ್ಕ, ಆ ಯಂತ್ರ ಹುಟ್ಟುವ ಮೊದಲೇ ಅದಕ್ಕೆ ಪ್ರೋಗ್ರಾಂ ಬರೆದಿಟ್ಟ ಗೌನಿನ ದೊರೆಸಾನಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವು ಆಡಿಕೊಳ್ಳುತ್ತೇವಲ್ಲ, ಆಕೆ ಅದನ್ನೇ ಮಾಡಿ ಚರಿತ್ರೆ ಸೇರಿದಳು! ಆಚೆಗೆ ಮೌಸ್ ಕಂಡುಹಿಡಿದ ಅಮೆರಿಕದವನು. ಎಲ್ಲರಿಗೂ ಗಂಧದ ಹಾರ, ಹಣೆಗೆ ಕುಂಕುಮ.

ಒಮ್ಮೆ ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯರು ಗೋಡೆ ನೋಡಿ ಗಾಬರಿಯಾಗಿ, "ಇವರು ನಿಮಗೆ ಯಾವ ಕಡೆ ಸಂಬಂಧ್ರೀ?" ಎಂದರು.

"ತಾಯಿ ಕಡೆ. ಮದರ್‌ಬೋರ್ಡ್ ಕಡೇರು!" ಎಂದ ಮಾವ.

ಆ ಸಂಬಂಧ ಕುದುರಲಿಲ್ಲ ಎಂದು ಬೇರೆ ಹೇಳಬೇಕೆ?

ಮಾವನದು ಕೆ.ಬಿ. ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. "ಹೊಲ ಬಿಟ್ಟುಹೋದ ಅಜ್ಜಗ ವರ್ಷಾ ಎಡೆ ಇಡ್ತೀವಿ. ನಂಗೆ ದಿನಾ ಅನ್ನ ಹಾಕೋ ಈ ಅಜ್ಜರಿಗೆ ಯಾಕ ಇಡಬಾರ್ದು?" ಎನ್ನುವುದು ಅವನ ವಾದ. ಹಾಗಾಗಿ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬ ಬಂತೆಂದರೆ ನಮ್ಮತ್ತೆ ಮುತ್ತಜ್ಜನಿಗೆ ಹೋಳಿಗೆ ತಟ್ಟುವುದರ ಜೊತೆಗೆ ವಿದೇಶಿ ಹಿರಿಯರಿಗೂ ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ ಮಾಡಿ ಸಾಯಬೇಕು.

"ರೀ, ಈ ದೊರೆಗೆ ಮಿರ್ಚಿ ಖಾರ ಆಗಾಕಿಲ್ವೇನ್ರಿ?" ಎಂದು ಅತ್ತೆ ಕೇಳಿದರೆ, "ಸತ್ತೋರಿಗೆ ಅಸಿಡಿಟಿ ಇರಾಕಿಲ್ಲ, ಸುಮ್ನೆ ಇಡು!" ಎಂದು ಉತ್ತರ.

ಕಳೆದ ವರ್ಷ ಗೋಡೆಗೆ ಹೊಸದೊಂದು ಫೋಟೋ ಬಂತು. ಈ ಸಲ ಬಿಳಿಯರದಲ್ಲ, ನಮ್ಮವರೇ. ಬಡಾವಣೆಯಲ್ಲಿ ಮೊಟ್ಟಮೊದಲು ಕಂಪ್ಯೂಟರ್ ಕ್ಲಾಸ್ ತೆರೆದ ಹೆಂಗಸು, ಮಾವನ ಟೀಚರ್. ಹಳೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರಿಂದ ಮುಖವೆಲ್ಲ ಚೌಕ ಚೌಕ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋ ಹಾಕಿ 'ಓಂ ಶಾಂತಿ' ಎಂದಿದ್ದರಂತೆ. ಹಿಂದೆಯೇ ಕೈ ಮುಗಿಯುವ ಚಿತ್ರಗಳ ಸುರಿಮಳೆ. ಅದರಲ್ಲಿ ಮಾವನದೂ ಒಂದು.

ಅಂದು ಅಂಗಡಿ ಮುಚ್ಚಿ ಬಂದವನು ಗೋಡೆಗೊರಗಿ ಕೂತುಬಿಟ್ಟ. ಪಿಯುಸಿ ಫೇಲಾಗಿ, ಮನೆಯವರಿಂದ ಕತ್ತೆ ಎನ್ನಿಸಿಕೊಂಡು ತಿರುಗುತ್ತಿದ್ದ ಹುಡುಗ ಅವನು. ಆಗೆಲ್ಲ ಕಂಪ್ಯೂಟರಿಗೆ ಏಸಿ ಕೋಣೆ, ಮಖಮಲ್ಲಿನ ಹೊದಿಕೆ, ಚಪ್ಪಲಿ ಹೊರಗೆ ಬಿಡಬೇಕು, ಗರ್ಭಗುಡಿಯೇ ವಾಸಿ! ಮಾವ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಾಗ ಟೀಚರ್ ಕರೆದು ಕೂರಿಸಿ, "ಮುಟ್ಟೋ. ಕೆಟ್ರೆ ನಾನು ಅದೀನಿ" ಎಂದರಂತೆ. ಅಲ್ಲಿಯವರೆಗೆ ಅವನಿಗೆ ಯಾರೂ ಏನನ್ನೂ ಮುಟ್ಟು ಎಂದಿರಲಿಲ್ಲ.

"ದೊರೆ ಉಣ್ಲಿ ಬಿಡ್ಲಿ. ಅವರೊಬ್ಬರು ನನ್ನ ಎಡೆ ಒಪ್ಪಿದ್ರೆ ಸಾಕವ್ವ" ಎಂದ ನನ್ನೆದುರು. ಮಾವ ತಮಾಷೆ ಬಿಟ್ಟು ಮಾತಾಡಿದ್ದನ್ನು ನಾನು ಕಂಡಿದ್ದು ಅವತ್ತೇ.

ಅಮಾವಾಸ್ಯೆ ಬಂತು. ತಾರಸಿಯ ಮೇಲೆ ಸಾಲಾಗಿ ಬಾಳೆಲೆ. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಆ ದಿನ ಕಾಗೆಗಳ ದೌಲತ್ತು ಕೇಳಬೇಡಿ! ಇಡೀ ವಿನೋಬನಗರ ತಾರಸಿ ಹತ್ತಿ "ಕಾ ಕಾ" ಎಂದು ಕೂಗುತ್ತಿರುತ್ತದೆ. ಕೊನೆಗೂ ಒಂದು ಇಳಿಯಿತು. ಮುತ್ತಜ್ಜನ ಹೋಳಿಗೆ ಕುಕ್ಕಿತು. ದೊರೆಯ ಮಿರ್ಚಿ ಎಳೆಯಿತು. ದೊರೆಸಾನಿಯ ದೋಸೆಯನ್ನಂತೂ ಬೆಣ್ಣೆ ಸಮೇತ ಬಳಿದು ತಿಂದಿತು. ಆಮೇಲೆ ಟೀಚರ್ ಎಲೆಯ ಮುಂದೆ ನಿಂತು, ಕತ್ತು ಓರೆ ಮಾಡಿ ನೋಡಿ, ಭರ್ರನೆ ಹಾರಿಹೋಯಿತು!

"ಆಯಮ್ಮಂಗೆ ಏನೋ ಆಸೆ ಉಳದೈತೆ ಕಣ್ರಿ" ಎಂದಳು ಅತ್ತೆ. "ತೀರಿಸ್ತೀನಿ ಅಂತ ಮಾತು ಕೊಡ್ರಿ, ಕಾಗಿ ಬರ್ತೈತೆ."

ಮಾವ ಆಕಾಶಕ್ಕೆ ಕೈಮುಗಿದ. "ಕದ್ದ ಸಾಫ್ಟ್‌ವೇರ್ ಇನ್ಮೇಲೆ ಹಾಕಾಕಿಲ್ಲ!" ಕಾಗೆ ಬರಲಿಲ್ಲ. "ಗಿರಾಕಿಗೆ ಸುಳ್ಳು ವೈರಸ್ ತೋರಸಾಕಿಲ್ಲ!" ಬರಲಿಲ್ಲ. ಬಂದದ್ದು ಪಕ್ಕದ ತಾರಸಿಯಿಂದ ಒಂದು ದನಿ. "ಅಂದ್ರೆ ಮೊನ್ನೆ ನನ್ ಕಂಪ್ಯೂಟರಾಗೆ ಇದ್ದಿದ್ದು ಸುಳ್ಳು ವೈರಸ್ಸೇನ್ರಿ?"

ಮಧ್ಯಾಹ್ನ ಇಳಿಯಿತು. ನನ್ನ ಹೊಟ್ಟೆಯೊಳಗೆ ಇಲಿ ಅಲ್ಲ, ಹೆಗ್ಗಣಗಳೇ ಓಡತೊಡಗಿದವು. ಮಾವ ಎದ್ದು ನಿಂತ. "ಹರಿಹರದಾಗೆ ಟೀಚರ್ ತಮ್ಮನ ಮನಿ ಐತೆ. ಹೋಗಿ ಕೇಳಾನ, ಅವರಿಗೆ ಏನ್ ಆಸೆ ಇತ್ತು ಅಂತ. ಹತ್ತು ಸ್ಕೂಟರ್!"

ಹಸಿದ ಹೊಟ್ಟೆಯಲ್ಲಿ ಹರಿಹರ ಮುಟ್ಟಿದೆವು. ಹೊಳೆ ಕಡೆಯ ಓಣಿಯಲ್ಲಿ ಮನೆ ಹುಡುಕಿ ಮಾವ ಬಾಗಿಲು ಬಡಿದ. ಸೆರಗಿಗೆ ಕೈ ಒರೆಸುತ್ತಾ ಬಂದ ಮುದುಕಮ್ಮನನ್ನು ಕಂಡವನೇ ಎರಡು ಹೆಜ್ಜೆ ಹಿಂದೆ ಹಾರಿ ತುಳಸಿಕಟ್ಟೆಗೆ ಡಿಕ್ಕಿ ಹೊಡೆದ. ಗೋಡೆಯ ಮೇಲಿದ್ದ ಮುಖ! ಚೌಕಗಳಿಲ್ಲ, ಕೂದಲು ನರೆತಿದೆ, ಅಷ್ಟೇ.

"ಯಾರು ಬೇಕಾಗಿತ್ರೀ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಒದರಿಬಿಟ್ಟ. "ನಿಮ್ ಎಡೆ ಕಾಗಿ ಮುಟ್ಲಿಲ್ಲ, ಅದಕ್ಕ ಬಂದ್ವಿ!"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಆಕೆ ಮಾತ್ರ ಇವನನ್ನೇ ದಿಟ್ಟಿಸಿ, ಗುರುತು ಹಿಡಿದು, ಬಿದ್ದು ಬಿದ್ದು ನಕ್ಕರು. "ಹೋದಾಕಿ ನಮ್ಮಕ್ಕ ಕಣೋ! ನೋಡಾಕ ಇಬ್ಬರೂ ಒಂದೇ ಥರ. ಕಾಗಿಗಿರೋ ಬುದ್ಧಿ ನಿಂಗಿಲ್ಲಲ್ಲೋ! ಪರೀಕ್ಷೆ ಮಾಡದೆ ಏನೂ ನಂಬಬ್ಯಾಡ ಅಂತ ಕಲಿಸಿದ್ನೋ ಇಲ್ಲೋ? ಅದಿರ್ಲಿ, ಎಡೆಗೆ ಏನಿಟ್ಟಿದ್ದಿ?"

"ಬೆಣ್ಣೆ ದೋಸೆ..."

"ಅಯ್ಯೋ, ಎಷ್ಟು ದಿನ ಆತೋ ಅದನ್ನ ತಿಂದು! ಬಿಸೀದು ಕಟ್ಟಿಸ್ಕೊಂಡು ಬರಬಾರ್ದೇನೋ?"

ಮೂವರೂ ನಕ್ಕೆವು. ಆದರೆ ಮಾವ ಹಿಡಿದ ಪಟ್ಟು ಬಿಡುವವನಲ್ಲ. ಹುಡುಗನ ಹಾಗೆ ಕೈಕಟ್ಟಿ ನಿಂತು ಕೇಳಿದ. "ಆದ್ರೂ ಒಂದು ಹೇಳ್ರಿ ಟೀಚರ್. ನಿಮಗೆ ಏನಾರ ಆಸೆ ಉಳದೈತಾ? ನಾ ತೀರಿಸ್ತೀನಿ."

ಆಕೆಯ ನಗು ನಿಂತಿತು. "ಏನಂದಿ?"

"ಆಸೆ ಏನಾರ..."

"ಅದಲ್ಲೋ. ನನ್ನ ಏನಂತ ಕರದಿ?"

"ಟೀಚರ್... ಅಂದೆ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣು ತುಂಬಿತ್ತು. "ಇಲ್ಲಿ ಎಲ್ಲಾರಿಗೂ ನಾನು ಅಜ್ಜಿ. ಒಳ್ಳೇವ್ರೇ ಎಲ್ಲ, ಚೆಂದಾಗಿ ನೋಡ್ಕೋತಾರೆ. ಆದ್ರೆ ಹಂಗೆ ಕರೆಯೋರು ಒಬ್ರೂ ಇಲ್ಲ ನೋಡು. ಇನ್ನೊಂದ್ಸಲ ಕರಿ."

ಮಾವ ಕರೆದ.

ನಾನು ಅವರ ಹತ್ತಿರ ಒಂದಕ್ಷರವೂ ಕಲಿತವಳಲ್ಲ. ಆದರೂ ನಾನೂ ಕರೆದೆ.