ಗಿರಣಿಯಲ್ಲಿ ಕವಾಯತು

ಬರ್ಮಾದ ಕಾಡಿನಲ್ಲಿ ಬದುಕಿ ಬಂದವನು ಆಳಂದದ ಹಿಟ್ಟಿನ ಗಿರಣಿಯಲ್ಲಿ ಸತ್ತ ಎಂದು ನನ್ನ ಗೋರಿಯ ಮೇಲೆ ಬರೆಸಬೇಕಾದೀತು. ನನಗೆ ಸಾಲು ಎಂದರೆ ಪ್ರಾಣ. ಪಲ್ಟನ್ನಿನಲ್ಲಿ ಊಟಕ್ಕೆ ಸಾಲು, ಸ್ನಾನಕ್ಕೆ ಸಾಲು, ಡಾಕ್ಟರ ಸೂಜಿಗೂ ಸಾಲು. ಯುದ್ಧ ಮುಗಿದು ಊರಿಗೆ ಬಂದವನು ಒಂದು ಹಳೆಯ ಎಂಜಿನ್ನು ತಂದು ಗಿರಣಿ ಹಾಕಿದೆ. ಗೋಡೆಯ ಮೇಲೆ ಎಲ್ಲಕ್ಕಿಂತ ಮೊದಲು ಬರೆಸಿದ್ದು 'ಮೊದಲು ಬಂದವರಿಗೆ ಮೊದಲು' ಎಂದು. ಓದಬಲ್ಲ ಗಿರಾಕಿ ಒಬ್ಬಳೂ ಇರಲಿಲ್ಲವಾದ್ದರಿಂದ ದಿನವೂ ನಾನೇ ಕೂಗಿ ಹೇಳುತ್ತಿದ್ದೆ.

ನಮ್ಮ ಕಡೆ ಗಿರಣಿಗೊಂದು ರೀತಿ ಉಂಟು. ಮೊದಲು ಜೋಳದವರೆಲ್ಲ ಒಟ್ಟಿಗೆ, ಆಮೇಲೆ ಗೋಧಿ, ಕಡಲೆ. ಮೆಣಸಿನಕಾಯಿ ದಿನದ ಕೊನೆಗೆ. ಯಾರು ಯಾವಾಗ ಬಂದರೂ ಹೆಂಗಸರೇ ಬುಟ್ಟಿಗಳನ್ನು ಹಿಂದೆ ಮುಂದೆ ಸರಿಸಿ ಇದನ್ನು ನಡೆಸಿಕೊಳ್ಳುತ್ತಾರೆ. ನನ್ನ ಕಣ್ಣಿಗೆ ಅದು ಬರೀ ಗದ್ದಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಲ್ಲಿನಲ್ಲಿ ಉಳಿದ ಒಬ್ಬರ ಕಡಲೆ ಇನ್ನೊಬ್ಬರ ಜೋಳಕ್ಕೆ ಸೇರತೊಡಗಿದ ಮೇಲೆ ಗಿರಾಕಿಗಳು ಬಜಾರದ ಗಿರಣಿ ಹಿಡಿದರು. ಉಳಿದವರು ನಮ್ಮ ಚರ್ಚಿನ ನಾಲ್ಕಾರು ಮನೆಯವರು ಮಾತ್ರ. ಭಾನುವಾರ ಗಂಟೆ ಹೊಡೆದು ಚಾಪೆ ಹಾಸುವವನು ನಾನೇ ಆದ್ದರಿಂದ ಅವರಿಗೆ ದಾಕ್ಷಿಣ್ಯ. ಅವರೂ ಬಿಟ್ಟರೆ ಎಂಜಿನ್ನು ಮಾರಿ ಕೂರುವುದೇ ಗತಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೆ ಬುದ್ಧಿ ಬರಬೇಕೆಂದು ಎಲ್ಲಿದೆ!

ಆ ಶನಿವಾರ ಎಲ್ಲರಿಗಿಂತ ಮೊದಲು ಬಂದವಳು ನಮ್ಮ ಚರ್ಚಿನ ಸಭೆಯ ನೀಲಮ್ಮ. ಸರಸಂಬಾದಿಂದ ಮೆಣಸಿನಕಾಯಿ ಹೊತ್ತು ತಂದಿದ್ದಳು.

"ನಂದು ಖಾರ ಅದರಿ, ಹವಾಲ್ದಾರ್ರ. ಹಿಂದ ನಾಳೆ ಚರ್ಚಿನ್ಯಾಗ ಹಂಚೋ ಕರ್ತನ ಭೋಜನದ ರೊಟ್ಟಿ ಗೋಧಿ ಅದ. ನಂದು ಕಡೀಕ ಹಾಕ್ರಿ" ಎಂದು ಬೇಡಿಕೊಂಡಳು.

"ಕಾನೂನು ಅಂದ್ರ ಕಾನೂನು" ಎಂದು ಅವಳ ಬುಟ್ಟಿಯನ್ನೇ ಮೊದಲು ಸುರಿದೆ. ಅದರ ಬೆನ್ನಿಗೇ ಚರ್ಚಿನ ಗೋಧಿ.

ಚರ್ಚಿನ ರೊಟ್ಟಿ ಮಾಡಲು ಕುಳಿತ ನನ್ನ ಹೆಂಡತಿ ರೂತಮ್ಮ ಸೀನಿದಳು. "ಹಿಟ್ಟು ಕೆಂಪಗ ಕಾಣಾಕತ್ತದಲ್ರಿ?"

"ಜವೆ ಗೋಧಿ ಹಂಗೇ ಇರ್ತದ. ನಿನಗ ನೆಗಡಿ ಆಗ್ಯಾದ" ಎಂದೆ.

ಮರುದಿನ ಜೇವರ್ಗಿಯಿಂದ ಬಂದ ಪಾದ್ರಿ ಅಯ್ಯನವರು ಪಶ್ಚಾತ್ತಾಪದ ಮೇಲೆ ಮನಮುಟ್ಟುವಂತೆ ಬೋಧಿಸಿ ರೊಟ್ಟಿ ಮುರಿದು ಹಂಚಿದರು. ತಾವು ಕೊನೆಗೆ ತೆಗೆದುಕೊಳ್ಳುವುದು ಅವರ ರೂಢಿ. ಮೊದಲು ಸಭೆಯ ಹಿರಿಯರ ಕಣ್ಣು ಕೆಂಪಾದವು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನೋಡನೋಡುತ್ತಿದ್ದಂತೆ ಇಡೀ ಸಭೆ ಮೂಗು ಸುರಿಸಿಕೊಂಡು ಅಳುತ್ತಿತ್ತು.

"ಇಂಥಾ ಪಶ್ಚಾತ್ತಾಪ ನಾ ಎಲ್ಲೂ ನೋಡಿಲ್ಲ! ದೇವರಿಗೆ ಸ್ತೋತ್ರ!" ಎಂದ ಅಯ್ಯನವರ ದನಿಯೂ ಗದ್ಗದವಾಯಿತು.

ನೀಲಮ್ಮ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಪಕ್ಕದವಳ ಕಡೆ ಬಾಗಿದಳು. "ನಾಳಿಂದ ಮನ್ಯಾಗಿನ ಬೀಸೋಕಲ್ಲೇ ಚಲೋ ಬೇ." ಪಕ್ಕದವಳು ತಲೆಯಾಡಿಸಿದಳು. ಅವಳ ಪಕ್ಕದವಳೂ ಆಡಿಸಿದಳು. ನನ್ನ ಗಿರಣಿ ನಿಂತದ್ದು ಆಗಲೇ. ಬಾಗಿಲ ಬಳಿ ನೆಟ್ಟಗೆ ನಿಂತೇ ಇದ್ದೆ. ತಡೆಯಲಾಗದೆ ಕಣ್ಣೀರು ಮೀಸೆಗಿಳಿಯಿತು.

ಅಯ್ಯನವರು ತಟ್ಟೆ ಹಿಡಿದು ನನ್ನ ಹತ್ತಿರ ಬಂದರು. ಮುಖ ನೋಡಿ ಗಾಬರಿಯಾದರು.

"ಹವಾಲ್ದಾರ್ರ, ನಿಮಗಿನ್ನೂ ರೊಟ್ಟಿ ಕೊಟ್ಟೇ ಇಲ್ಲ. ನೀವ್ಯಾಕ್ರಿ ಅಳಾಕತ್ತೀರಿ?"