ಪಾರ್ಕಿನಲ್ಲಿ ಬೆಪ್ಪುತಕ್ಕಡಿ

ಅಂಗಡಿಕಾರನ ಕಣ್ಣಿನಿಂದ ಅಳೆದರೆ ಇಂದಿರಾ ಎಂದರೆ ಇಷ್ಟು: ಎತ್ತರ ಐದಡಿಗೆ ಒಂದಂಗುಲ ಕಡಿಮೆ; ಇಪ್ಪತ್ತೆಂಟು ವರ್ಷ ಬಿಡುವಿಲ್ಲದೆ ತಿರುಗಿದರೂ ಎಲ್ಲೂ ಬಿರುಕಿಲ್ಲ; ಬಿಸಿಲಿಗೆ ಹಿಗ್ಗುವುದಿಲ್ಲ, ಚಳಿಗೆ ಸೆಟೆದುಕೊಳ್ಳುವುದಿಲ್ಲ; ಸದ್ದು ಕಡಿಮೆ. ಫರೀದಾಬಾದಿನ ಕಾರ್ಖಾನೆಗಳಿಗೆ ಯಂತ್ರದ ಬೆಲ್ಟು ಮಾರುವ ಬಸವಲಿಂಗಪ್ಪ ತನ್ನ ಹೆಂಡತಿಯನ್ನು ಅಳೆದಿಟ್ಟುಕೊಂಡಿದ್ದು ಹೀಗೆ. ಬೆಲ್ಟಿಗೂ ಹೆಂಡತಿಗೂ ಒಂದೇ ಅಳತೆಗೋಲು ಹಿಡಿಯಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. (ಹೇಳಬಹುದಾಗಿದ್ದವಳೊಬ್ಬಳೇ, ಅವಳನ್ನು ಅವನು ಆಗಲೇ 'ಸದ್ದು ಕಡಿಮೆ' ಎಂದು ಬರೆದುಕೊಂಡಾಗಿತ್ತು.)

ತನ್ನನ್ನು ಅಳೆಯುವ ಕೆಲಸವನ್ನು ಮಾತ್ರ ಅವನು ಡಾಕ್ಟರಿಗೆ ಬಿಟ್ಟಿದ್ದ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ನೂರಾ ಎಪ್ಪತ್ತೆರಡು ಎಂದರು. ಅವನ ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ಈಗ ಬಲಗಣ್ಣಿಗೆ ಪೊರೆ ಬಂದಿತ್ತು. ಎರಡು ಸಲ ಹಸಿರು ಅಂಗಿ ತೊಡಿಸಿ, ಕಣ್ಣಿಗೆ ಹನಿ ಬಿಟ್ಟು, ಕೊನೇ ಗಳಿಗೆಯಲ್ಲಿ ರಕ್ತದೊತ್ತಡ ನೋಡಿ ಮನೆಗೆ ಕಳಿಸಿದ್ದರು. ಮೇಲಿನ ಅಂಕಿ ನೂರಾ ನಲವತ್ತರೊಳಗೆ ಇಳಿಯದೆ ಕಣ್ಣಿಗೆ ಕೈ ಹಚ್ಚುವುದಿಲ್ಲ, ಮೂರನೆಯ ಸಲಕ್ಕೆ ಗೊತ್ತುಮಾಡಿದ ದಿನ ಮಾರ್ಚಿನ ಮೊದಲ ಸೋಮವಾರ, ಅದೂ ತಪ್ಪಿದರೆ ಬೇಸಿಗೆ ಕಳೆದ ಮೇಲೇ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇತ್ತ ಅಂಗಡಿಯಲ್ಲಿ ನಂಬರು ಸರಿಯಾಗಿ ಕಾಣದೆ ಐವತ್ಮೂರರ ಬೆಲ್ಟು ಕೇಳಿದ ಕಾರ್ಖಾನೆಗೆ ಐವತ್ತೆಂಟರದು ಹೋಗಿ, ಅದು ತಿರುಗುವಾಗ ಕಳಚಿಕೊಂಡು ಅಲ್ಲಿನ ಫೋರ್‌ಮನ್ನನ ಟೊಪ್ಪಿಗೆ ಹಾರಿಸಿತ್ತು. ಇನ್ನೊಂದು ಟೊಪ್ಪಿಗೆ ಹಾರಿದರೆ ಇಪ್ಪತ್ತು ವರ್ಷದ ಗಿರಾಕಿಗಳೂ ಅದರ ಹಿಂದೆಯೇ ಹಾರಿಹೋಗುವವರಿದ್ದರು.

ಗುಳಿಗೆಯ ಜೊತೆ ಸ್ವಲ್ಪ ನಗುವುದನ್ನೂ ರೂಢಿ ಮಾಡಿಕೊಳ್ಳಿ, ಸಿಟ್ಟು ಬಿಡಿ ಎಂದರು ಡಾಕ್ಟರು. ಸಿಟ್ಟೆಂಬುದು ಬಸವಲಿಂಗಪ್ಪನಿಗೆ ತಂದೆಯಿಂದ ಬಂದ ಏಕೈಕ ಪಿತ್ರಾರ್ಜಿತ ಆಸ್ತಿ. ಅದನ್ನು ಬಿಡು ಎಂದದ್ದಕ್ಕೆ ಅವನಿಗೆ ಬಂದ ಸಿಟ್ಟಿನಲ್ಲಿ ಅಂಕಿ ಅಲ್ಲೇ ಇನ್ನೂ ನಾಲ್ಕು ಏರಿತು.

"ಸೆಕ್ಟರ್ ಪಾರ್ಕಲ್ಲಿ ಲಾಫ್ಟರ್ ಕ್ಲಬ್ ಇದೆಯಂತೆ ರೀ. ಬೆಳಗ್ಗೆ ಆರಕ್ಕೆ," ಎಂದಳು ಇಂದಿರಾ.

"ಅಲ್ಲೇನು ಮಾಡ್ತಾರೆ?"

"ನಗ್ತಾರೆ."

"ಯಾತಕ್ಕೆ?"

"ಯಾತಕ್ಕೂ ಇಲ್ಲ. ಸುಮ್ಮನೆ."

"ಯಾತಕ್ಕೂ ಇಲ್ಲದೆ ನಗೋರಿಗೆ ನಮ್ಮ ದಾವಣಗೆರೇಲಿ ನಿಂಬೆಹಣ್ಣು ನಿವಾಳಿಸ್ತಾರೆ."

"ಇಲ್ಲಿ ಬಿಪಿ ಇಳಿಯುತ್ತಂತೆ. ಸ್ವೆಟರ್ ತೆಗೆದಿಟ್ಟಿದ್ದೀನಿ."

ಎರಡು ಸಾವಿರದ ಆರನೆಯ ಇಸವಿಯ ಫೆಬ್ರವರಿ. ಪಾರ್ಕಿನ ಬೆಂಚುಗಳು ಇನ್ನೂ ಮಂಜಿನಲ್ಲಿ ಮುಳುಗಿದ್ದವು. ಹದಿನೈದಿಪ್ಪತ್ತು ಜನ ದುಂಡಗೆ ನಿಂತಿದ್ದರು. ನಡುವೆ ಕೆಂಪು ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ ಹಾಕಿಕೊಂಡ ಖುರಾನಾ, ಬ್ಯಾಂಕಿನ ನಿವೃತ್ತ ಮ್ಯಾನೇಜರು. ಅವರು ಸೀಟಿ ಊದಿದರೆ ಎಲ್ಲರೂ ಕೈ ಮೇಲೆತ್ತಿ "ಹೋ ಹೋ, ಹಾ ಹಾ ಹಾ" ಎನ್ನಬೇಕು. ಎನ್ನುತ್ತಿದ್ದರು. ಮುಖದಲ್ಲಿ ನಗುವಿನ ಗುರುತೇ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಟೋಕನ್ ಕೂಗುವವರ ಹಾಗೆ. ಬಸವಲಿಂಗಪ್ಪ ಕೈ ಕಟ್ಟಿಕೊಂಡು ನಿಂತ. ಸರಕು ಬಂದಿಳಿಯದೆ ಬಂತೆಂದು ರಸೀದಿ ಬರೆದುಕೊಡುವ ಪದ್ಧತಿ ಅವನಲ್ಲಿರಲಿಲ್ಲ.

ನಾಲ್ಕು ದಿನ ಹೀಗೇ ಕಳೆಯಿತು. ಐದನೆಯ ದಿನ ಖುರಾನಾ ನೇರ ಅವನೆದುರಿಗೇ ಬಂದು, "ಭಾಯಿಸಾಬ್, ಖುಲ್ ಕೇ ಹಸಿಯೇ," ಮನಬಿಚ್ಚಿ ನಗಿ ಎಂದು ಅವನ ಎರಡೂ ಕೈ ಹಿಡಿದು ಆಕಾಶಕ್ಕೆ ಎತ್ತಿದರು. ಸ್ವೆಟರಿನೊಳಗೆ ತಣ್ಣನೆ ಗಾಳಿ ನುಗ್ಗಿತು. ಬಸವಲಿಂಗಪ್ಪ ಹೆಂಡತಿಯ ಕಡೆ ತಿರುಗಿ ಗುಡುಗಿದ:

"ಈ ಬೆಪ್ಪುತಕ್ಕಡಿ ನನ್ನ ಕೈ ಯಾಕೆ ಎತ್ತುತ್ತಾನೆ?"

ಬಲಗಡೆ ನಿಂತಿದ್ದ ಬಿಳಿ ಮೀಸೆಯ ನಿವೃತ್ತ ಇಂಜಿನಿಯರೊಬ್ಬರ ಮೂಗಿನಿಂದ ಪುಸ್ ಎಂಬ ಸದ್ದು ಹೊರಟಿತು. ಅವರು "ಬೆಪ್ಪು..." ಎಂದರು. "ತಕ್ಕಡಿ" ಎನ್ನಲು ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತರು. ಅವರಿಂದ ಅವರ ಪಕ್ಕದವರಿಗೆ, ಅವರಿಂದ ಶ್ರೀಮತಿ ಖುರಾನಾರಿಗೆ. ಸ್ಥಾಪನೆಯಾದ ಮೂರು ವರ್ಷದಲ್ಲಿ ಮೊದಲ ಬಾರಿಗೆ ಆ ಕ್ಲಬ್ಬಿನಲ್ಲಿ ಯಾರೋ ನಿಜವಾಗಿ ನಕ್ಕಿದ್ದರು.

"ಫಿರ್ ಸೇ ಬೋಲಿಯೇ ಜೀ, ಫಿರ್ ಸೇ," ಎಂದು ಖುರಾನಾ ಇನ್ನೊಮ್ಮೆ ಹೇಳುವಂತೆ ಕೈ ಮುಗಿದರು. ಬೈಸಿಕೊಂಡದ್ದು ತಾವೇ ಎಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ. ಇಂದಿರಾ ಅರ್ಥ ಹೇಳಲು ಹೋದರೆ ಎರಡೂ ಕಿವಿ ಮುಚ್ಚಿಕೊಂಡರು. ಅರ್ಥ ಹೇಳಬೇಡಿ ಭಾಭೀಜಿ, ಮಜಾ ಹೋಗಿಬಿಡುತ್ತದೆ.

ಬಸವಲಿಂಗಪ್ಪನ ಕಿವಿ ಕೆಂಪಾಯಿತು. ಎಡಬಿಡಂಗಿ, ಮುಠ್ಠಾಳ, ಗುಗ್ಗು, ಉಡಾಳ ಎಂದು ಬಾಯಿಗೆ ಬಂದದ್ದನ್ನೆಲ್ಲ ಎಸೆದ. ಎಸೆದದ್ದೆಲ್ಲ ಅವರಿಗೆ ಹೂವಾಗಿಯೇ ಬಿತ್ತು. ಕೋಲಾರದಿಂದ ಬೀದರಿನವರೆಗೆ ಯಾರಿಗೆ ಅಂದರೂ ಹೊಡೆದಾಟಕ್ಕೆ ಬರುವ ಮಾತುಗಳವು. ಇಲ್ಲಿ ಜನ ಕಣ್ಣೊರೆಸಿಕೊಂಡು ಇನ್ನೊಂದು ಕೊಡಿ ಎನ್ನುತ್ತಿದ್ದರು.

ಶನಿವಾರ ಮಗಳು ನಿಹಾರಿಕಾ ಮನೆಗೆ ಬಂದಳು. ಮುಖರ್ಜಿ ನಗರದ ಹಾಸ್ಟೆಲಿನಲ್ಲಿದ್ದುಕೊಂಡು ದೊಡ್ಡ ಪರೀಕ್ಷೆಗೆ ಓದುತ್ತಿದ್ದ ಅವಳು ಎರಡು ವಾರಕ್ಕೊಮ್ಮೆ ಬಟ್ಟೆ ಒಗೆಯಲು ಮತ್ತು ಅಪ್ಪನಿಗೆ ಬುದ್ಧಿ ಹೇಳಲು ಬರುತ್ತಿದ್ದಳು.

"ನಮ್ಮ ಭಾಷೆ ಇವರಿಗೇನು ತಮಾಷೆಯ ಗೊಂಬೆನಾ?" ಎಂದು ಬಸವಲಿಂಗಪ್ಪ ರೊಟ್ಟಿ ಮುರಿದ. "ಆ ಮೀಸೆಯವರನ್ನ ಎಲ್ಲರೂ ಟೀಟೂಜೀ ಅಂತ ಕರೀತಾರೆ. ಅರವತ್ತು ವರ್ಷದ ಮನುಷ್ಯ, ಸೇತುವೆ ಕಟ್ಟಿಸಿದವನು, ಹೆಸರು ಟೀಟೂ. ಅಂಥವನು ನನ್ನ ಮಾತಿಗೆ ನಗಬೇಕಾ?"

"ಅಪ್ಪಾ, ಭಾಷೆ ಗೀಷೆ ಏನಿಲ್ಲ, ಸೌಂಡ್ ಕೀ ಬಾತ್ ಹೈ, ಎಲ್ಲ ಸದ್ದಿನ ಆಟ," ಎಂದಳು ನಿಹಾರಿಕಾ. "'ಬೆಪ್ಪು' ಅನ್ನೋವಾಗ ತುಟಿ ಗಟ್ಟಿಯಾಗಿ ಮುಚ್ಚಿ ಪಟ್ ಅಂತ ಬಿಡುತ್ತೆ. ಹಿಂದೇನೇ 'ತಕ್ಕಡಿ' ಬರುತ್ತೆ, ಮೆಟ್ಟಿಲ ಮೇಲೆ ಏನೋ ಉರುಳಿದ ಹಾಗೆ. ಕೇಳಿದೋರಿಗೆ ಯಾರೋ ಎಡವಿ ಬಿದ್ದ ಹಾಗನ್ಸುತ್ತೆ. ಬೀಳೋರನ್ನ ನೋಡಿ ಯಾರು ನಗಲ್ಲ? ಅದೇ ನದಿ, ಮಳೆ, ಸಂಜೆ ಅನ್ನಿ. ಕೋಯಿ ನಹೀ ಹಸೇಗಾ, ಒಬ್ಬರೂ ನಗಲ್ಲ."

"ಇದನ್ನ ಐಎಎಸ್‌ಗೆ ಕೇಳ್ತಾರಾ?"

"ಮತ್ತೆ ನೀವು? ಟಿಂಡಾ ಅನ್ನೋ ತರಕಾರಿ ಹೆಸರು ಮೊದಲ ಸಲ ಕೇಳಿದಾಗ ಗಾಡಿಯವನ ಮುಂದೆ ನಿಂತು ಹತ್ತು ನಿಮಿಷ ನಕ್ಕಿದ್ರಂತೆ. ಆ ಭಯ್ಯಾ ಆಮೇಲೆ ನಮ್ಮ ಗಲ್ಲಿಗೇ ಬರಲಿಲ್ಲ ಅಂತ ಅಮ್ಮ ಹೇಳ್ತಾರೆ."

"ಟಿಂಡಾ ಬೇರೆ," ಎಂದ ಬಸವಲಿಂಗಪ್ಪ ಗಂಭೀರವಾಗಿ. "ಟಿಂಡಾ ನಿಜವಾಗಲೂ ನಗೋ ಹೆಸರು."

ಆದರೂ ಮಗಳ ಮಾತಿನಲ್ಲಿ ಅವನಿಗೊಂದು ದಾರಿ ಕಂಡಿತು. ಎಡವದ, ಬೀಳದ, ಮೆತ್ತಗೆ ನಡೆಯುವ ಮಾತುಗಳನ್ನೇ ಆಡಿದರಾಯಿತು; ಇವರ ನಗೆ ತಾನಾಗಿ ಒಣಗುತ್ತದೆ. ಮರುದಿನ ಖುರಾನಾ ಅವನನ್ನು ವೃತ್ತದ ನಡುವೆ ತಂದು ನಿಲ್ಲಿಸಿದಾಗ ಅವನು ಮಠದ ಸ್ವಾಮಿಗಳ ಧಾಟಿಯಲ್ಲಿ ನಿಧಾನವಾಗಿ ಹೇಳಿದ: "ನದಿ. ಮಳೆ. ಸಂಜೆ."

ಯಾರೂ ನಗಲಿಲ್ಲ. ಟೀಟೂಜೀ ಕಣ್ಣು ಮುಚ್ಚಿ "ವಾಹ್" ಎಂದರು. ಶ್ರೀಮತಿ ಖುರಾನಾ ನಿಟ್ಟುಸಿರು ಬಿಟ್ಟರು. ವಾರದಿಂದ ಮೊದಲ ಬಾರಿಗೆ ಬಸವಲಿಂಗಪ್ಪನ ಎದೆ ಹಗುರಾಯಿತು. ಮುಂದಿನದು ಪ್ರಾಣಾಯಾಮ, ಖುರಾನಾ ಎಲ್ಲರಿಗೂ ನೆಲದ ಮೇಲೆ ಕೂರಲು ಸನ್ನೆ ಮಾಡಿದರು.

"ಚಕ್ಕಳಮಕ್ಕಳ ಹಾಕಿ ಕೂತ್ಕೋಬೇಕಂತೆ ರೀ," ಎಂದಳು ಇಂದಿರಾ.

"ನನ್ನ ಮೊಣಕಾಲಿಗೆ ಚಕ್ಕಳಮಕ್ಕಳ ಗಿಕ್ಕಳಮಕ್ಕಳ ಯಾವುದೂ ಆಗಲ್ಲ ಅಂತ ಹೇಳು ಅವನಿಗೆ."

ಮುಗಿಯಿತು. ವಾಕಿಂಗಿಗೆ ಬಂದವರು, ಹಾಲಿನವನು, ಪಾರ್ಕಿನ ಮಾಲಿ ಎಲ್ಲ ಬಂದು ಸೇರಿಕೊಂಡರು. ಒಂದು ಮಾತೇ ಸಾಲದೆಂದು ಅದಕ್ಕೊಂದು ಅವಳಿ ಮರಿಯನ್ನೂ ಹುಟ್ಟಿಸಿಕೊಡುವ ಭಾಷೆ ಈ ಭೂಮಿಯ ಮೇಲಿದೆ ಎಂಬುದನ್ನು ಅವರು ನಂಬಲಾರದೆ ಒದ್ದಾಡಿದರು. ಬಸವಲಿಂಗಪ್ಪ ಮನೆಗೆ ಬಂದು ಎರಡು ಲೋಟ ನೀರು ಕುಡಿದ, ಮೂರನೆಯದನ್ನು ಗೋಡೆಗೆ ಎಸೆದ. ಇಂದಿರಾ ಎಂದಿನ ಹಾಗೆ ಬಾಯಿಗೆ ಸೆರಗು ಹಿಡಿದುಕೊಂಡು ಅಡುಗೆಮನೆಗೆ ಓಡಿದಳು. ಪಾಪ, ಅಳುತ್ತಾಳೆ ಎಂದುಕೊಂಡು ಅವನು ಎಂದಿನ ಹಾಗೆ ಸಂಜೆ ಅರ್ಧ ಕಿಲೋ ಪೇಢಾ ತಂದ.

ಆಪರೇಷನ್ನಿಗೆ ಒಂದು ದಿನ ಮುಂಚೆ, ಭಾನುವಾರ, ಖುರಾನಾ ಪಾರ್ಕಿನಲ್ಲಿ ಉಚಿತ ತಪಾಸಣೆ ಇಟ್ಟುಕೊಂಡಿದ್ದರು. ನರ್ಸೊಬ್ಬಳು ಯಂತ್ರ ತಂದು ಬೆಂಚಿನ ಮೇಲೆ ಕೂತಳು. ಖುರಾನಾರದು ನೂರಾ ಅರವತ್ತರಿಂದ ನೂರಾ ಮೂವತ್ತನಾಲ್ಕಕ್ಕೆ ಇಳಿದಿತ್ತು. ಟೀಟೂಜೀಯವರಿಗೆ ದಿನದ ಗುಳಿಗೆಗಳಲ್ಲಿ ಒಂದು ಕಡಿಮೆಯಾಗಿತ್ತು. ಇಡೀ ಕ್ಲಬ್ಬು ಆರೋಗ್ಯದಿಂದ ಕಂಗೊಳಿಸುತ್ತಿತ್ತು. ಬಸವಲಿಂಗಪ್ಪನದು ನೂರಾ ಎಂಬತ್ತಾರು. ಅಷ್ಟರಲ್ಲಿ ಖುರಾನಾ ಹಿಂದಿನಿಂದ ಬಂದು, ಎಲ್ಲರ ಪ್ರಾಣ ಉಳಿಸಿದ ಮಹಾಶಯರು ಎಂದು ಅವನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಬಿಟ್ಟರು. ಚಪ್ಪಾಳೆ ಬಿತ್ತು.

ಬಸವಲಿಂಗಪ್ಪ ಹಾರ ಕಿತ್ತು ನೆಲಕ್ಕೆ ಒಗೆದು ಹೆಂಡತಿಯ ಮೇಲೆ ತಿರುಗಿದ. "ಇದೆಲ್ಲ ನಿನ್ನಿಂದ. ನಗೋಕೆ ಬಾ ಅಂತ ಎಳ್ಕೊಂಡು ಬಂದೋಳು ನೀನು. ನಾಳೆ ಮತ್ತೆ ವಾಪಸ್ ಕಳಿಸ್ತಾರೆ. ಕುರುಡನಾಗಿ ಗಲ್ಲಾದ ಮೇಲೆ ಕೂತ್ಕೋತೀನಿ, ಆಗ ನೀನು ತೃಪ್ತಿಯಾಗಿ ನಗು. ತಲೆ ಇದೆಯಾ ನಿನಗೆ?"

ಇಂದಿರಾ ನೀರಿನ ಬಾಟಲಿಯನ್ನು ಬೆಂಚಿನ ಮೇಲಿಟ್ಟಳು. ಶಾಲು ಸರಿಮಾಡಿಕೊಂಡಳು.

"ಸಾಕು ನಿಲ್ಲಿಸ್ರೀ," ಎಂದಳು. "ಇಪ್ಪತ್ತೆಂಟು ವರ್ಷದಿಂದ ನೀವು ಬೈದಾಗೆಲ್ಲ ಅಡುಗೆಮನೆಗೆ ಓಡ್ತೀನಲ್ಲ, ಅಳೋದಕ್ಕೆ ಅಂದ್ಕೊಂಡ್ರಾ? ನಗೋದಕ್ಕೆ. ನಿಮ್ಮ ಸಿಟ್ಟು ಡಬರಿ ಉರುಳಿದ ಹಾಗೆ, ಢಣಢಣ ಸದ್ದು, ಒಳಗೆ ನೋಡಿದ್ರೆ ಖಾಲಿ. ಅದಕ್ಕೇ ನನ್ನ ಬಿಪಿ ನೂರಾ ಹದಿನೆಂಟು. ಆದ್ರೆ ಒಂದೇ ಒಂದು ಸಲ ಮಾತ್ರ ನಗೋಕೆ ಆಗಲಿಲ್ಲ ನನಗೆ. ನನ್ನ ತಮ್ಮನ ಮದುವೆಗೆ ರೈಲು ಟಿಕೆಟ್ ಕೈಯಲ್ಲಿತ್ತು. ಅಂಗಡಿ ಬಾಗಿಲು ಹಾಕೋಕೆ ಮನಸ್ಸಿಲ್ಲದೆ ಜ್ವರ ಅಂತ ರಜಾಯಿ ಹೊದ್ದು ಮಲಗಿದ್ರಲ್ಲ, ಥರ್ಮಾಮೀಟರ್‌ನ ಚಹಾದ ಲೋಟಕ್ಕೆ ಅದ್ದಿದ್ದನ್ನ ಬಾಗಿಲ ಸಂದಿಯಿಂದ ನಾನು ನೋಡ್ತಾ ಇದ್ದೆ. ನೂರಾ ಎಂಟು ಡಿಗ್ರಿ ಜ್ವರ ಬಂದ ಗುಗ್ಗು ಯಾವನಾದ್ರೂ ಎರಡು ತಟ್ಟೆ ಒಗ್ಗರಣೆ ಮಂಡಕ್ಕಿ ತಿಂತಾನೇನ್ರೀ? ಹತ್ತೊಂಬತ್ತು ವರ್ಷ ಬಾಯಿ ಬಿಟ್ಟಿಲ್ಲ ನಾನು. ಇವತ್ತು ಕೇಳಿಸ್ಕೊಳ್ಳಿ. ನೀವು ಬೆಪ್ಪುತಕ್ಕಡಿ. ನೀವು ಎಡಬಿಡಂಗಿ. ನೀವು ಡೊಳ್ಳುಹೊಟ್ಟೆ ಬಸವಲಿಂಗಪ್ಪ."

ಗಂಡನ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮದುವೆಯಾದಂದಿನಿಂದ ಅವನು 'ರೀ'. ಹೊರಗಿನವರ ಮುಂದೆ 'ಇವರು'. ಪಡಿತರ ಚೀಟಿಯವರು ಬಂದು ಕೇಳಿದಾಗಲೂ ಅವಳು ಅಂಗಡಿಯ ಬೋರ್ಡು ತೋರಿಸಿದ್ದಳು.

ಗುಂಪಿಗೆ ಮದುವೆಯೂ ಗೊತ್ತಿಲ್ಲ, ಜ್ವರವೂ ಗೊತ್ತಿಲ್ಲ. ಡಬರಿಗೆ ನಗೆ ಶುರುವಾಗಿತ್ತು, ಮಂಡಕ್ಕಿಗೆ ಏರಿತ್ತು. ಕೊನೆಯ ಮಾತಿಗೆ ಕಟ್ಟೆಯೊಡೆಯಿತು. ಟೀಟೂಜೀ ಉಸಿರಿಗಾಗಿ ಒದ್ದಾಡುತ್ತ ಆ ಕೊನೆಯದನ್ನೇ ಇನ್ನೊಮ್ಮೆ ಹೇಳಿ ಎಂದು ಬೇಡಿಕೊಂಡರು: "ಬಸ-ವ-ಲಿಂಗ್-ಗಪ್ಪ". ಎರಡಡಿ ಎತ್ತರದ ಅಕ್ಷರದಲ್ಲಿ ಅಂಗಡಿಯ ಮೇಲೆ ಬರೆಸಿದ್ದ ಹೆಸರು ಡೊಳ್ಳುಹೊಟ್ಟೆಯ ಬೆನ್ನಿಗೇ ಬಂದು, ದೊಡ್ಡದೊಂದು ಕುಂಬಳಕಾಯಿಯ ಹಾಗೆ ಮೆಟ್ಟಿಲಿಳಿದು ಕೊನೆಯಲ್ಲಿ ಗಪ್ಪೆಂದು ನಿಂತದ್ದನ್ನು ಬಸವಲಿಂಗಪ್ಪ ಆವತ್ತು ಮೊದಲ ಬಾರಿ ಹೊರಗಿನವನಂತೆ ಕೇಳಿಸಿಕೊಂಡ. ಇಷ್ಟು ದಿನ ತಾನು ಎಸೆದ ಯಾವ ಬೈಗುಳವೂ ಇದರ ಹತ್ತಿರ ಸುಳಿಯುವಂತಿರಲಿಲ್ಲ. ಮೊದಲು ಅವನ ಹೊಟ್ಟೆ ಅಲುಗಿತು. ತಡೆದ. ಆಮೇಲೆ ಹೆಗಲು ಅಲುಗಿತು. ಆಮೇಲೆ ಅವನು ಬೆಂಚಿನ ಮೇಲೆ ಕುಸಿದು, ನರ್ಸಿನ ಯಂತ್ರವನ್ನೇ ತಬ್ಬಿಕೊಂಡು, ಕಣ್ಣಲ್ಲಿ ನೀರು ಸುರಿಯುವವರೆಗೆ ನಕ್ಕ. ಇಂದಿರಾ ಮಾತ್ರ ನಗಲಿಲ್ಲ.

ಅವನು ಸುಧಾರಿಸಿಕೊಂಡ ಮೇಲೆ ನರ್ಸು ಕುತೂಹಲಕ್ಕೆಂದು ಇನ್ನೊಮ್ಮೆ ಪಟ್ಟಿ ಸುತ್ತಿದಳು. ನೂರಾ ಮೂವತ್ತೆಂಟು.

ಸೋಮವಾರ ಬೆಳಗ್ಗೆ ಇಂದಿರಾ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಸಿರು ಅಂಗಿ ತೊಡಿಸುವಾಗ ಅವನು, "ಇನ್ನೊಂದು ಸಲ ನನ್ನ ಹೆಸರು ಹೇಳೇ," ಎಂದ. ಅವಳು ಹೇಳಿದಳು, ನಗದೆ, ಔಷಧಿ ಕುಡಿಸಿದ ಹಾಗೆ. ಡಾಕ್ಟರು ಅಂಕಿ ನೋಡಿ ಪೊರೆ ತೆಗೆದರು.

ಈಗ ಅವನಿಗೆ ಬೆಲ್ಟಿನ ನಂಬರು ಕಾಣುತ್ತದೆ, ಅಂಗಡಿ ನಡೆಯುತ್ತಿದೆ. ಇಂದಿರಾ ಮತ್ತೆ 'ರೀ' ಎನ್ನುತ್ತಾಳೆ. ಹತ್ತೊಂಬತ್ತು ವರ್ಷದ ಹಿಂದೆ ಬಂದ ಜ್ವರ ಸುಳ್ಳೆಂದು ಬಸವಲಿಂಗಪ್ಪ ತನ್ನ ಬಾಯಿಂದಲೇ ಅವಳಿಗೆ ಹೇಳಬೇಕು; ತಮ್ಮನ ಮದುವೆ ತಪ್ಪಿಸಿದ್ದಕ್ಕೆ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.